ತಂತಿಗೆ ಸಿಕ್ಕಿಸಿದ ರಸೀದಿಗಳು

ಅಪ್ಪ ತೀರಿಕೊಂಡ ಹತ್ತೊಂಬತ್ತನೆಯ ದಿನ ನಾನು ಮರಣ ನೋಂದಣಿಗೆ ಹೋದೆ. ಹದಿನಾರನೆಯ ದಿನದ ಕಾರ್ಯ ಮುಗಿದಿತ್ತು, ಬಂದ ನೆಂಟರು ಹೊರಟಿದ್ದರು, ಅಮ್ಮ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಒಂದು ಇಡೀ ರಾತ್ರಿ ಮಲಗಿದ್ದರು. 21 ದಿನದೊಳಗೆ ಬರೆಸಿದರೆ ಶುಲ್ಕವಿಲ್ಲ, ದಾಟಿದರೆ ದಂಡ ಕಟ್ಟಬೇಕು, ವರ್ಷ ಕಳೆದರಂತೂ ಮೇಲಿನ ಅಧಿಕಾರಿಯ ಆದೇಶ ತರಬೇಕು ಎಂದು ಪಕ್ಕದ ಮನೆಯ ಅಣ್ಣ ಎಚ್ಚರಿಸಿದ್ದರು. ಆಸ್ಪತ್ರೆಯಲ್ಲಿ ಹೋದವರ ವಿವರವನ್ನು ಆಸ್ಪತ್ರೆಯವರೇ ಕಳಿಸುತ್ತಾರೆ. ಅಪ್ಪ ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಆಂಡರ್ಸನ್‌ಪೇಟೆಯ ನಮ್ಮ ಮನೆಯಲ್ಲಿ, 2022ರ ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ, ನಿದ್ದೆಯಲ್ಲೇ ಹೋದವರು. ಮನೆಯಲ್ಲಾದ ಸಾವನ್ನು ಮನೆಯವರೇ ಹೋಗಿ ತಿಳಿಸಬೇಕು.

ನಮೂನೆಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಧರ್ಮ, ಉದ್ಯೋಗ ಎಲ್ಲ ಇದ್ದವು. ಕೆಳಗೆ, ಬೀಡಿ ಸಿಗರೇಟು ಸೇದುತ್ತಿದ್ದರೆ ಎಷ್ಟು ವರ್ಷ, ಹೊಗೆಸೊಪ್ಪು ಎಷ್ಟು ವರ್ಷ, ಅಡಿಕೆ ಎಷ್ಟು ವರ್ಷ, ಮದ್ಯ ಎಷ್ಟು ವರ್ಷ ಎಂದು ಕೇಳಿದ್ದರು. ಎಷ್ಟು ವರ್ಷ ದುಡಿದರು ಎಂದು ಎಲ್ಲಿಯೂ ಕೇಳಿರಲಿಲ್ಲ. ಉದ್ಯೋಗದ ಅಂಕಣಕ್ಕೆ ಬಂದಾಗ ನನ್ನ ಪೆನ್ನು ನಿಂತಿತು. ಮೂವತ್ತು ವರ್ಷ ಚಿನ್ನದ ಗಣಿ, ಹತ್ತು ವರ್ಷ ವೈಟ್‌ಫೀಲ್ಡ್‌ನ ಕಾರ್ಖಾನೆ, ಆಮೇಲೆ ಎರಡು ಹಸು ಕಟ್ಟಿಕೊಂಡು ಹಾಲು ಹಾಕಿದ್ದು. ಯಾವುದನ್ನು ಬರೆಯಲಿ ಎಂದು ಕೇಳಿದೆ. ಗುಮಾಸ್ತರು ವಯಸ್ಸಾದವರು, ಮೆತ್ತಗೆ ಮಾತನಾಡುವವರು. “ಅಷ್ಟೆಲ್ಲ ಅಲ್ಲಿ ಹಿಡಿಯುವುದಿಲ್ಲಮ್ಮ. ಕೂಲಿ ಎಂದು ಹಾಕಲೇ?” ಎಂದರು. ನಾನು ತಲೆಯಾಡಿಸಿದೆ.

ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ತಲೆಯಾಡಿಸಿದ್ದು ಇವತ್ತಿಗೂ ಕೊರೆಯುತ್ತಿದೆ. ಆ ಅಂಕಣದಲ್ಲಿ ಹಿಡಿಯದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮರಣ ಪತ್ರ ಕೈಗೆ ಬಂದರೆ ಉಳಿದದ್ದೆಲ್ಲ ಸಲೀಸು ಎಂದುಕೊಂಡಿದ್ದೆ. ಅಪ್ಪನಿಗೆ ಕಾರ್ಖಾನೆಯ ಹತ್ತು ವರ್ಷದ ಸೇವೆಗೆ ಭವಿಷ್ಯನಿಧಿಯ ಪಿಂಚಣಿ ಬರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅದು ಹೆಂಡತಿಗೆ ಬರಬೇಕು. ಅರ್ಜಿ ತುಂಬಿ, ಅಮ್ಮನ ಆಧಾರ್, ಪಾಸ್‌ಬುಕ್, ಮೂರು ಫೋಟೋ ಇಟ್ಟು ಕೊಟ್ಟೆ. ಎರಡು ವಾರದಲ್ಲಿ ಎಲ್ಲವೂ ಹಿಂದಕ್ಕೆ ಬಂತು. ಗಣಿಯ ಹಳೆಯ ದಾಖಲೆಯಲ್ಲಿ ಅಪ್ಪನ ಹೆಸರು ‘ಅಪ್ಪ’ ಎಂದು ಮುಗಿಯುತ್ತಿತ್ತು, ಕಾರ್ಖಾನೆಯ ದಾಖಲೆಯಲ್ಲಿ ‘ಸ್ವಾಮಿ’ ಎಂದು. ಒಂದರಲ್ಲಿ ಹುಟ್ಟಿದ್ದು 1951, ಇನ್ನೊಂದರಲ್ಲಿ 1953. ಒಂದರಲ್ಲಿ ತಮಿಳಿನಲ್ಲಿ ಸಹಿ, ಇನ್ನೊಂದರಲ್ಲಿ ಕನ್ನಡದಲ್ಲಿ. ಕೌಂಟರಿನಲ್ಲಿದ್ದ ಹುಡುಗ ಎರಡನ್ನೂ ಪಕ್ಕಪಕ್ಕ ಇಟ್ಟು, “ಹೆಸರೂ ಬೇರೆ, ವರ್ಷವೂ ಬೇರೆ, ಸಹಿಯೂ ಬೇರೆ. ಇವರು ಇಬ್ಬರಲ್ಲವಾ ಮೇಡಂ?” ಎಂದು ಕೇಳಿದ. ನೋಟರಿ ಮುಂದೆ ಪ್ರಮಾಣ ಪತ್ರ ಮಾಡಿಸಿ, ಜೊತೆಗೆ ಹಳೆಯ ದಾಖಲೆ ಏನಾದರೂ ಇದ್ದರೆ, ಶಾಲೆಯದ್ದಾದರೆ ಇನ್ನೂ ಒಳ್ಳೆಯದು, ತನ್ನಿ ಎಂದ.

ಅಪ್ಪ ಹುಟ್ಟಿದ್ದು ತಮಿಳುನಾಡಿನ ತಿರುಪತ್ತೂರು ಕಡೆಯ ಒಂದು ಹಳ್ಳಿಯಲ್ಲಿ. ಯೆಲಗಿರಿ ಬೆಟ್ಟ ಕಾಣುವ ಊರು ಎನ್ನುವುದಷ್ಟೇ ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಒಂದೆರಡು ಸಲ ಹೋದ ನೆನಪು ಮಸುಕಾಗಿದೆ. ಅವರ ಜಿಲ್ಲೆಯನ್ನು ಬರೆಯುವುದೇ ಒಂದು ಸಮಸ್ಯೆಯಾಯಿತು. ಅವರು ಹುಟ್ಟಿದಾಗ ಅದು ಉತ್ತರ ಆರ್ಕಾಟು. 1989ರಲ್ಲಿ ಆ ಜಿಲ್ಲೆ ಒಡೆಯಿತು, ಆಮೇಲೆ ವೆಲ್ಲೂರು ಎಂಬ ಹೆಸರು ಬಂತು, 2019ರಲ್ಲಿ ಮತ್ತೆ ಒಡೆದು ತಿರುಪತ್ತೂರೇ ಜಿಲ್ಲೆಯಾಯಿತು. ಅವರು ಬಂದು ಸೇರಿದ ರಾಜ್ಯದ ಹೆಸರು ಆಗ ಮೈಸೂರು, ಕರ್ನಾಟಕವಾದದ್ದು 1973ರಲ್ಲಿ. ಗಣಿಗೆ ಸೇರಿದ್ದು 1971ರಲ್ಲಿ, ಮರುವರ್ಷ ಕಂಪನಿಯ ಹೆಸರು ಭಾರತ್ ಗೋಲ್ಡ್ ಮೈನ್ಸ್ ಎಂದಾಯಿತು. ಅಪ್ಪ ನಿಂತಲ್ಲೇ ನಿಂತಿದ್ದರೂ ಕಾಗದದ ಮೇಲೆ ಅವರ ಸುತ್ತಲಿನ ಹೆಸರುಗಳು ಓಡಾಡುತ್ತಲೇ ಇದ್ದವು.

ಹಳೆಯ ದಾಖಲೆ ಹುಡುಕಲು ಅಪ್ಪನ ಹಸಿರು ಟ್ರಂಕು ತೆಗೆದೆವು. ಬೀಗದ ಕೀಲಿ ಅಮ್ಮನ ತಾಳಿಸರದ ಪಿನ್ನಿನಲ್ಲೇ ಇತ್ತು.

ಮೇಲೆ ಗಣಿಯ ಹಿತ್ತಾಳೆ ಬಿಲ್ಲೆ ಸಿಕ್ಕಿತು. ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಅಂಚು ಸವೆದು ನುಣುಪಾಗಿದೆ, ನಡುವೆ ಸಂಖ್ಯೆ. ಕೇಜಿನಲ್ಲಿ, ಅಂದರೆ ಗಣಿಯ ಲಿಫ್ಟಿನಲ್ಲಿ, ಕೆಳಗಿಳಿಯುವಾಗ ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ಹಲಗೆಯ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿ ಎಂದರೆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದರ್ಥ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತದೆ. ಒತ್ತಡಕ್ಕೆ ಬಂಡೆ ಸಿಡಿಯುವುದನ್ನು ಗಣಿಯವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಸಿಡಿದಾಗ ಮೇಲೆ ನಮ್ಮ ಲೈನ್ ಮನೆಗಳ ಪಾತ್ರೆಗಳು ನಡುಗುತ್ತಿದ್ದವು. ಅಮ್ಮ ಒಲೆ ಆರಿಸಿ, ನನ್ನನ್ನು ಸೊಂಟಕ್ಕೆತ್ತಿಕೊಂಡು ಶಾಫ್ಟಿನ ಕಡೆ ಓಡುತ್ತಿದ್ದರು. ಬಿಲ್ಲೆಯ ಹಲಗೆಯನ್ನು ನೋಡಲು ಬಿಡುತ್ತಿರಲಿಲ್ಲವಂತೆ. ಒಳಗೆ ಕೆಲಸ ಮಾಡುವ ಯಾರನ್ನಾದರೂ ಹಿಡಿದು ಸಂಖ್ಯೆ ಹೇಳಿ, “ತೂಗುತ್ತಿದೆಯಾ?” ಎಂದು ಕೇಳುತ್ತಿದ್ದರಂತೆ. ಅಮ್ಮನಿಗೆ ಆ ಸಂಖ್ಯೆ ಈಗಲೂ ಬಾಯಿಪಾಠ. ತನ್ನ ಮೊಬೈಲ್ ಸಂಖ್ಯೆ ಹೇಳಬೇಕಾದರೆ ನನ್ನನ್ನು ಕರೆಯುತ್ತಾರೆ.

ಗಣಿಯ ಬಗ್ಗೆ ಅಪ್ಪ ಹೆಚ್ಚು ಮಾತನಾಡಿದವರಲ್ಲ. ಒಂದೇ ಒಂದು ವಿಷಯವನ್ನು ಹೆಮ್ಮೆಯಿಂದ ಹೇಳುತ್ತಿದ್ದರು: ಮುಂಬೈಯಿಂದ ಬಂದ ವಿಜ್ಞಾನಿಗಳಿಗೆ ಕಬ್ಬಿಣದ ಕೊಳವೆಗಳನ್ನು ಕೆಳಗೆ ಸಾಗಿಸಿಕೊಟ್ಟಿದ್ದು. ಎರಡು ಕಿಲೋಮೀಟರಿಗಿಂತ ಕೆಳಗೆ ಪ್ರೋಟಾನ್ ಎಂಬ ಕಣ ಸಾಯುತ್ತದೆಯೇ ಎಂದು ನೋಡುವ ಪ್ರಯೋಗ ನಡೆದಿತ್ತು. ಅದಕ್ಕೂ ಮೊದಲು, 1965ರಲ್ಲಿ, ವಾತಾವರಣದ ನ್ಯೂಟ್ರಿನೊಗಳ ಗುರುತು ಸಿಕ್ಕಿದ್ದೂ ನಮ್ಮ ಗಣಿಯಲ್ಲೇ. “ಬಹಳ ಸಣ್ಣದು, ಕಣ್ಣು. ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಯಲು ಎಷ್ಟು ಕಬ್ಬಿಣ ಬೇಕು ನೋಡು” ಎನ್ನುತ್ತಿದ್ದರು. ಕಣ್ಣು ಎಂದರೆ ನಾನು. ಹೆಸರು ಹಿಡಿದು ಕರೆದದ್ದು ಕಡಿಮೆ.

ಟ್ರಂಕಿನಲ್ಲಿ ಸಿಕ್ಕ ಕಾಗದಗಳಿಂದ ಎರಡು ಗೋಜಲು ಬಿಡಿಸಿಕೊಂಡವು. 1969ರಲ್ಲಿ, ಹದಿನಾರನೆಯ ವಯಸ್ಸಿಗೆ, ಸೋದರಮಾವನ ಹಿಂದೆ ರೈಲು ಹತ್ತಿ ಬಂದ ಹುಡುಗ ಎರಡು ವರ್ಷ ಬೇಕರಿಯಲ್ಲಿ ತಟ್ಟೆ ತೊಳೆದ. ಗಣಿಗೆ ಸೇರಿಸುವಾಗ ಮಾವ ವಯಸ್ಸಿಗೆ ಎರಡು ವರ್ಷ ಸೇರಿಸಿ ಬರೆಸಿದರು. 1951 ಹುಟ್ಟಿದ್ದು ಅಲ್ಲಿ. ಹೆಸರಿನ ಕೊನೆಯ ‘ಅಪ್ಪ’ ಬರೆದುಕೊಂಡವರ ಕಿವಿಗೆ ಬಿದ್ದ ಹಾಗೆ ಬಂದದ್ದು.

ಸಹಿಯ ಕಥೆ ಮಾತ್ರ ನನಗೆ ಮೊದಲೇ ಗೊತ್ತಿತ್ತು. ಅದರಲ್ಲಿ ನಾನೂ ಇದ್ದೇನೆ.

1986ರಲ್ಲಿ ನನ್ನನ್ನು ಒಂದನೇ ತರಗತಿಗೆ ಸೇರಿಸಿದರು. ನಮ್ಮ ಲೈನಿನ ಹೆಚ್ಚಿನ ಮಕ್ಕಳು ತಮಿಳು ಶಾಲೆಗೆ ಹೋಗುತ್ತಿದ್ದರು. ಅಮ್ಮ ಮುಳಬಾಗಿಲು ಕಡೆಯವರು, ಕನ್ನಡ ಶಾಲೆಯೇ ಆಗಬೇಕು ಎಂದರು. ಅಪ್ಪ ಎದುರು ಹೇಳಲಿಲ್ಲ. ಬೆಳಗಿನ ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಕಾಫಿ ಕುಡಿದು ನನ್ನ ಪಕ್ಕ ಚಾಪೆಯ ಮೇಲೆ ಕೂರುತ್ತಿದ್ದರು. ನಾನು ಸ್ಲೇಟಿನ ಒಂದು ಬದಿಗೆ ಬರೆಯುತ್ತಿದ್ದೆ, ಮತ್ತೊಂದು ಬದಿ ಅವರದು. ಅವರ ಬೆರಳುಗಳು ದಪ್ಪ, ಬಳಪ ಮುರಿಯುತ್ತಿತ್ತು. ಮುರಿದ ತುಂಡನ್ನು ಎಸೆಯದೆ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ‘ಖ’, ‘ಘ’, ‘ಛ’ ಬಂದಾಗ ತಡವರಿಸುತ್ತಿದ್ದರು, ತಮಿಳಿನಲ್ಲಿ ಆ ಅಕ್ಷರಗಳಿಲ್ಲ. “ಹೊಟ್ಟೆಯಿಂದ ಹೇಳಬೇಕಪ್ಪ” ಎಂದು ಮೇಷ್ಟರು ನಮಗೆ ಹೇಳಿದ್ದನ್ನೇ ನಾನು ಅವರಿಗೆ ಹೇಳುತ್ತಿದ್ದೆ. ಮೂವತ್ತಮೂರು ವರ್ಷದ ಮನುಷ್ಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಘ, ಘ, ಘ ಎನ್ನುತ್ತಿದ್ದರು. ಮರುವರ್ಷ ಸಹಕಾರ ಸಂಘದ ಸಾಲದ ಪುಸ್ತಕದಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಸಹಿ ಹಾಕಿ ತಂದು ತೋರಿಸಿದರು. ಅಕ್ಷರಗಳ ತಲೆಕಟ್ಟು ಒಂದೊಂದೂ ಒಂದೊಂದು ಎತ್ತರದಲ್ಲಿತ್ತು. ಅದಾದ ಮೇಲೆ ಹಾಕಿದ್ದೆಲ್ಲ ಅದೇ ಸಹಿ. ಇವರು ಇಬ್ಬರಲ್ಲವಾ ಎಂದು ಆ ಹುಡುಗ ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಸ್ಲೇಟು.

ಟ್ರಂಕಿನ ತಳದಲ್ಲಿ ಒಂದು ತಂತಿ ಇತ್ತು. ಅಂಗಡಿಗಳಲ್ಲಿ ಚೀಟಿ ಸಿಕ್ಕಿಸುತ್ತಾರಲ್ಲ, ಅಂಥದ್ದು. ಅದರ ತುಂಬ ಸಣ್ಣ ಕಾಗದಗಳು. ಮನಿಯಾರ್ಡರ್ ತಲುಪಿದ ಮೇಲೆ ಹಣ ಪಡೆದವರ ಸಹಿಯೊಂದಿಗೆ ಕಳಿಸಿದವರಿಗೆ ವಾಪಸ್ ಬರುತ್ತಿದ್ದ ರಸೀದಿಗಳು. ತಳದಲ್ಲಿದ್ದದ್ದು 1971ರದ್ದು, 15 ರೂಪಾಯಿ. ಸಹಿಯ ಜಾಗದಲ್ಲಿ ನೇರಳೆ ಶಾಯಿಯ ಹೆಬ್ಬೆಟ್ಟು. ಅದು ನನ್ನ ಅಜ್ಜಿಯದು. ವರ್ಷಗಳು ಕಳೆದಂತೆ ಮೊತ್ತ 25 ಆಯಿತು, 50 ಆಯಿತು, 200 ಆಯಿತು. ಹೆಬ್ಬೆಟ್ಟಿನ ಗೆರೆಗಳು ಮೊದಮೊದಲು ಎಣಿಸುವಷ್ಟು ಸ್ಪಷ್ಟ, ಬರಬರುತ್ತ ಸವೆದು ಬರಿಯ ಕಲೆಯಾಗಿ ಕಾಣುತ್ತವೆ. 1991ರ ನಂತರ ಅಲ್ಲಿ ಹೆಬ್ಬೆಟ್ಟಿಲ್ಲ, ತಮಿಳಿನಲ್ಲಿ ಸಹಿ ಇದೆ. ನೆಲದ ಮೇಲೆ ಕೂತು ಎಣಿಸಿದೆ. 331 ಇದ್ದವು. ಕೊನೆಯದು 2001ರ ಮಾರ್ಚ್ ತಿಂಗಳದು. ಗಣಿ ಮುಚ್ಚಿದ್ದು ಫೆಬ್ರವರಿ 28ಕ್ಕೆ.

“ನಿನಗೆ ಗೊತ್ತಿತ್ತಾ ಅಮ್ಮ?” ಎಂದು ಕೇಳಿದೆ. “ಗೊತ್ತಿಲ್ಲದೆ ಇರುತ್ತದೆಯೇ? ಅಂಚೆಯವನು ತಂದು ಕೊಡುತ್ತಿದ್ದದ್ದು ನನ್ನ ಕೈಗೆ. ತಂತಿಗೆ ಸಿಕ್ಕಿಸಿದ್ದೂ ನಾನೇ” ಎಂದರು. ನನಗೊಂದು ವಿಷಯ ವಿಚಿತ್ರವಾಗಿ ಕಂಡಿತ್ತು. 1986ರಲ್ಲಿ ತಿಂಗಳು ತಿಂಗಳೂ 50 ಹೋಗುತ್ತಿದ್ದರೆ, ಜೂನ್‌ನಲ್ಲಿ ಮಾತ್ರ 40, ಜುಲೈನಲ್ಲಿ 60. ಯಾಕೆ ಎಂದು ಅಮ್ಮನಿಗೂ ನೆನಪಿರಲಿಲ್ಲ.

ಗಣಿ ಮುಚ್ಚಿದ ನಂತರದ ಹತ್ತು ವರ್ಷದ ದಾಖಲೆ ಇನ್ನೊಂದು ಲಕೋಟೆಯಲ್ಲಿತ್ತು: ರೈಲಿನ ತಿಂಗಳ ಪಾಸುಗಳು, ರಬ್ಬರ್ ಬ್ಯಾಂಡ್ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. 47ನೆಯ ವಯಸ್ಸಿನಲ್ಲಿ ಅಪ್ಪ ಮತ್ತೆ ಹೊಸಬರಾಗಿ ಕೆಲಸಕ್ಕೆ ನಿಂತರು. ಮೂರೂವರೆಗೆ ಏಳುವುದು, ಮಾರಿಕುಪ್ಪಂನಲ್ಲಿ ಹತ್ತುವುದು, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಂಗಾರಪೇಟೆ. ಬೋಗಿಯಲ್ಲಿ ಅರ್ಧ ಜನ ಅವರ ಹಳೆಯ ಪಾಳಿಯವರೇ. ನೆಲದ ಮೇಲೆ ಪೇಪರ್ ಹಾಸಿ ಮಲಗುವವರು ಮಲಗುತ್ತಿದ್ದರು, ಸಂಜೆ ವಾಪಸ್ ಬರುವಾಗ ಹೆಂಗಸರು ರಾತ್ರಿಯ ಅಡಿಗೆಗೆ ಬೀನ್ಸ್ ಹೆಚ್ಚಿಕೊಳ್ಳುತ್ತಿದ್ದರು. ವೈಟ್‌ಫೀಲ್ಡ್‌ಗೆ ಒಂದು ಕಡೆಗೆ ಹೆಚ್ಚು ಕಡಿಮೆ 60 ಕಿಲೋಮೀಟರ್. ತಿಂಗಳಿಗೆ 26 ದಿನದಂತೆ ಹತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಮೂರು ಮುಕ್ಕಾಲು ಲಕ್ಷ ಕಿಲೋಮೀಟರ್ ಆಗುತ್ತದೆ. ಚಂದ್ರ ಇರುವುದು ಸುಮಾರು 3.84 ಲಕ್ಷ ಕಿಲೋಮೀಟರ್ ದೂರದಲ್ಲಿ. ಆ ಹತ್ತು ವರ್ಷದಲ್ಲೇ ನನ್ನ ಮದುವೆ ಆಯಿತು, ತಮ್ಮನ ಡಿಪ್ಲೊಮಾ ಮುಗಿಯಿತು, ಮನೆಗೆ ಶೀಟು ತೆಗೆಸಿ ತಾರಸಿ ಹಾಕಿಸಿದ್ದಾಯಿತು.

ಡಿಸೆಂಬರ್ ರಜೆಯಲ್ಲಿ ನಾನು ಬಂಗಾರಪೇಟೆಯಿಂದ ಜೋಲಾರ್‌ಪೇಟೆಗೆ ರೈಲು ಹತ್ತಿದೆ. ಅಪ್ಪ ಬಂದ ದಾರಿಯಲ್ಲೇ ಹಿಂದಕ್ಕೆ. ಕುಪ್ಪಂ ದಾಟಿದ ಮೇಲೆ ಇಳಿಜಾರು, ಕಾಡು, ಆಮೇಲೆ ಬಯಲು. ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿ ನಾನೂ ಶಿಕ್ಷಕಿ ಎಂದು ತಿಳಿದು ತಾವೇ ಬೀರು ತೆಗೆದು ಹಳೆಯ ದಾಖಲಾತಿ ಪುಸ್ತಕ ಹುಡುಕಿದರು. ಗೆದ್ದಲು ಹಿಡಿದ ಪುಟಗಳ ನಡುವೆ ಅಪ್ಪನ ಸಾಲು ಉಳಿದಿತ್ತು. ಹುಟ್ಟಿದ ವರ್ಷ 1953. ಹೆಸರಿನ ಕೊನೆಗೆ ‘ಅಪ್ಪ’ನೂ ಇಲ್ಲ, ‘ಸ್ವಾಮಿ’ಯೂ ಇಲ್ಲ, ಚಿಕ್ಕದಾದ, ಮಗುವನ್ನು ಕರೆಯುವಂಥ ಹೆಸರು. ನನಗೆ ತಮಿಳು ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಅವರು ಬೆರಳಿಟ್ಟು ಓದಿ ಹೇಳಿದರು. ಪ್ರತಿಯನ್ನು ಸಹಿ ಮಾಡಿ ಕೊಟ್ಟರು. ನಾನು ಬಂದ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು.

ಮಧ್ಯಾಹ್ನ ಅತ್ತೆಯ ಮನೆಗೆ ಹೋದೆ. ಅಪ್ಪನ ತಂಗಿ, ಅವರಿಗಿಂತ ಹತ್ತು ವರ್ಷ ಚಿಕ್ಕವರು. ಮೊಣಕಾಲು ನೋವಿನಿಂದ ಕಾರ್ಯಕ್ಕೆ ಬರಲಾಗಿರಲಿಲ್ಲ, ಅದನ್ನೇ ಹೇಳಿಕೊಂಡು ಅತ್ತರು. ಊಟವಾದ ಮೇಲೆ ನಾನು ಮೊಬೈಲಿನಲ್ಲಿ ತಂತಿಯ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. ಎದ್ದು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದು ನನ್ನ ಮಡಿಲಲ್ಲಿಟ್ಟರು.

ಮನಿಯಾರ್ಡರ್ ಫಾರಮ್ಮಿನಲ್ಲಿ ಕಳಿಸುವವರು ಎರಡು ಮಾತು ಬರೆಯಲು ಒಂದು ಸಣ್ಣ ಜಾಗ ಇರುತ್ತಿತ್ತು. ಹಣ ಪಡೆದವರು ಆ ತುಂಡನ್ನು ಇಟ್ಟುಕೊಳ್ಳುತ್ತಿದ್ದರು. ರಸೀದಿ ನಮ್ಮ ಟ್ರಂಕಿಗೆ ಬಂದಿತ್ತು, ಅಪ್ಪನ ಮಾತುಗಳು ಈ ಡಬ್ಬಿಯಲ್ಲಿದ್ದವು. ಅಜ್ಜಿಗೆ ಓದು ಬಾರದು, ಅತ್ತೆ ಓದಿ ಹೇಳುತ್ತಿದ್ದರಂತೆ. ತಂಗಿಯನ್ನು ಶಾಲೆ ಬಿಡಿಸಬೇಡಿ ಎಂದು ಅಪ್ಪ ಮೂರು ಸಲ ಬರೆದಿದ್ದರು. ಅದಕ್ಕೇ ನಾನು ಎಂಟನೆಯ ತರಗತಿಯವರೆಗೆ ಓದಿದ್ದು ಎಂದರು ಅತ್ತೆ.

1986ರ ಜೂನ್ ತಿಂಗಳದ್ದನ್ನು ಹುಡುಕಿಕೊಡಿ ಎಂದು ಕೇಳಿದೆ. ಕನ್ನಡಕ ಏರಿಸಿಕೊಂಡು ಒಂದೊಂದೇ ತಿರುವಿದರು. ಸಿಕ್ಕಿತು. “ಈ ತಿಂಗಳು ಹತ್ತು ಕಡಿಮೆ. ಮಗುವಿಗೆ ಸ್ಲೇಟು, ಪುಸ್ತಕ, ಬೂಟು ಕೊಂಡೆ. ಮುಂದಿನ ತಿಂಗಳು ಸೇರಿಸುತ್ತೇನೆ.” ಅದರ ಮುಂದಿನದು: “ಹೋದ ತಿಂಗಳ ಹತ್ತು ಸೇರಿದೆ. ಮಗು ಬರೆಯುತ್ತಿದೆ.”

ಅತ್ತೆ ಓದುವುದನ್ನು ನಿಲ್ಲಿಸಿ ನನ್ನ ಬೆನ್ನ ಮೇಲೆ ಕೈಯಿಟ್ಟರು. ಹೊರಗೆ ಯಾರೋ ಕಡಲೆಕಾಯಿ ಬಡಿಯುತ್ತಿದ್ದರು.

ಕೊನೆಯ ತುಂಡು 2001ರದ್ದು. ಗಣಿ ಮುಚ್ಚಿತು, ಇನ್ನು ಕಳಿಸುವುದು ಕಷ್ಟ, ತಪ್ಪು ತಿಳಿಯಬೇಡ ಎಂದಿತ್ತು. “ಅದಕ್ಕೆ ನಾನು ಉತ್ತರ ಬರೆಯಲಿಲ್ಲ” ಎಂದರು ಅತ್ತೆ. “ಅಷ್ಟು ವರ್ಷ ತೆಗೆದುಕೊಂಡವಳು ಏನೆಂದು ಬರೆಯಲಿ? ಎಷ್ಟು ಸಲ ಕಾಗದ ತಂದಿಟ್ಟುಕೊಂಡೆ.” ಡಬ್ಬಿಯನ್ನು ಕೊಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರ ಮೊಮ್ಮಗ ದೀಪದ ಕೆಳಗೆ ಒಂದೊಂದನ್ನೂ ಹಿಡಿದ, ನಾನು ಒಂದೊಂದರ ಫೋಟೋ ತೆಗೆದೆ. ಮುಗಿಯುವಾಗ ರಾತ್ರಿ ಹನ್ನೊಂದು. ಗೆದ್ದಲು ತಿಂದದ್ದು, ಕಳೆದದ್ದು ಬಿಟ್ಟು 280 ಚಿಲ್ಲರೆ ಉಳಿದಿವೆ.

ಉಳಿದ ಕೆಲಸ ಬೇಗ ಆಯಿತು. ನೋಟರಿಯ ಪ್ರಮಾಣ ಪತ್ರ, ಶಾಲೆಯ ಪ್ರತಿ, ನಾಡಕಚೇರಿಯಿಂದ ವಂಶವೃಕ್ಷ. ವಂಶವೃಕ್ಷಕ್ಕೆ ಗ್ರಾಮ ಲೆಕ್ಕಿಗರು ಮನೆಗೇ ಬಂದು ಅಕ್ಕಪಕ್ಕದವರನ್ನು ಕೇಳಿ ಮಹಜರು ಬರೆದುಕೊಂಡರು. ಎಷ್ಟು ವರ್ಷದಿಂದ ಗೊತ್ತು ಎಂಬ ಪ್ರಶ್ನೆಗೆ ಎದುರು ಮನೆಯ ತಾತ, “ಒಂದೇ ಕೇಜಿನಲ್ಲಿ ಇಳಿದವರು ನಾವು” ಎಂದಷ್ಟೇ ಹೇಳಿದರು. ಅಷ್ಟು ಸಾಕೆಂಬಂತೆ ಅವರು ಬರೆದುಕೊಂಡರು. ಏಪ್ರಿಲ್‌ನಲ್ಲಿ ಅಮ್ಮನ ಖಾತೆಗೆ ಪಿಂಚಣಿ ಬಂತು. 2014ರಿಂದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ, ಅಮ್ಮನಿಗೆ ಸಿಗುವುದು ಅಷ್ಟೇ. ಬ್ಯಾಂಕಿನಿಂದ ತಂದ ನೋಟುಗಳನ್ನು ದೇವರ ಮುಂದಿಟ್ಟು, ಆಮೇಲೆ ತೆಗೆದು ಎರಡು ಭಾಗ ಮಾಡಿದರು. ಒಂದು ಭಾಗವನ್ನು ನನ್ನ ಕೈಗೆ ಕೊಟ್ಟು, “ನಿನ್ನ ಮೊಬೈಲಿನಿಂದ ಅತ್ತೆಗೆ ಹಾಕು” ಎಂದರು.

ಶಾಲೆ ಮುಗಿಸಿ ಕೋಲಾರದಿಂದ ಶನಿವಾರ ಆಂಡರ್ಸನ್‌ಪೇಟೆಗೆ ಹೋದಾಗ ಈಗ ನನಗೆ ಬೇರೆ ಕೆಲಸವಿದೆ. ಮಕ್ಕಳು ಕಲಿಯುವ ತಮಿಳು ಅಕ್ಷರಮಾಲೆ ತಂದಿಟ್ಟುಕೊಂಡಿದ್ದೇನೆ. ಮೊಬೈಲಿನಲ್ಲಿ ಫೋಟೋ ದೊಡ್ಡದು ಮಾಡಿಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೇನೆ. ಕ, ಗ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಎಡವುತ್ತೇನೆ, ಅಮ್ಮ ಅರ್ಥ ನೋಡಿ ಸರಿಪಡಿಸುತ್ತಾರೆ. ಒಂದು ಸಂಜೆಗೆ ಮೂರೋ ನಾಲ್ಕೋ ಆಗುತ್ತವೆ. ಸದ್ಯಕ್ಕೆ 1974ರ ಜುಲೈಗೆ ಬಂದಿದ್ದೇವೆ. ಆ ತಿಂಗಳು ಅಪ್ಪ 20 ರೂಪಾಯಿ ಕಳಿಸಿ, ಊರಿನಲ್ಲಿ ಮಳೆಯಾಯಿತೇ ಎಂದು ಕೇಳಿದ್ದಾರೆ.